ಸರಳು ತೆರೆಯುವ ಕಿಟಕಿ

ನಮ್ಮ ಹಿರಿಯರಿಗೆ ನೆಲವೇ ಕುರ್ಚಿ, ನೆಲವೇ ಮಂಚ. ಹಾಗಾಗಿ ಕಿಟಕಿಯನ್ನೂ ನೆಲದ ಮೇಲೆ ಕೂತವರ ಲೆಕ್ಕಕ್ಕೇ ಇಡಿಸುತ್ತಿದ್ದರು. ಮಲಗಿದವರ ಮೈಗೆ ಗಾಳಿ ತಾಗಬೇಕು, ಕೂತು ಕಂಡಿಕೆಗೆ ನೂಲು ಸುತ್ತುವ ಹೆಂಗಸಿನ ಕೈಮೇಲೆ ಬೆಳಕು ಬೀಳಬೇಕು, ಅಷ್ಟೇ. ಕಿಟಕಿಯ ಕೆಳಗಿನ ಅಂಚು ನೆಲದಿಂದ ಅರ್ಧ ಮೊಳ ಮೇಲಿದ್ದರೆ ಹೆಚ್ಚಾಯಿತು. ಕೆಳಮನೆಯಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ.

ಆದರೆ ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗಗಳು ಹೆಚ್ಚಿ, ಮನುಷ್ಯರಿಗೆ ಜಾಗ ಸಾಲದಾಯಿತು. ಮಗ್ಗಕ್ಕೆ ನೆಲದಲ್ಲಿ ಕಾಲು ಇಳಿಬಿಡುವ ಕುಣಿ ತೋಡಬೇಕು, ಅದನ್ನು ಮೇಲೆ ಒಯ್ಯಲು ಬರುವುದಿಲ್ಲ. ಹೀಗಾಗಿ ಮನುಷ್ಯರನ್ನೇ ಮೇಲಕ್ಕೆ ಅಟ್ಟಿದರು. ಮಗ್ಗದ ಮನೆಯ ಮೇಲೆ ಒಂದು ಕೋಣೆ, ಅದಕ್ಕೆ ಹತ್ತಿ ಹೋಗಲು ಒಂದು ಕಟ್ಟಿಗೆಯ ಜೀನೆ. ಕಿಟಕಿ ಮಾತ್ರ ಕೆಳಗಿನ ಲೆಕ್ಕದಲ್ಲೇ ಮೇಲೇರಿತು. ನೆಲದಿಂದ ಅರ್ಧ ಮೊಳ ಎತ್ತರಕ್ಕೆ, ಕೂಸು ತೆವಳಿ ಹೋಗುವ ಹಾಗೆ, ಹೊರಗೆ ಎರಡಾಳು ಆಳ. ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದರೆ ದೂರದಿಂದಲೇ ಹಿಡಿಯುವ ಜಾಣರ ಊರು ನಮ್ಮದು. ಅಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲವಲ್ಲ ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ಕಿಟಕಿಗಳನ್ನೆಲ್ಲ ಮಾಡಿದವನು ಮೋನಪ್ಪ ಬಡಿಗೇರ. ನಮ್ಮ ಓಣಿಯಲ್ಲೇ, ನಮ್ಮ ಮನೆಯಿಂದ ಮೂರು ಮನೆ ಆಚೆ ಅವನ ಕೆಲಸದ ಚಪ್ಪರ. ಮಗ್ಗದ ಚೌಕಟ್ಟು, ಲಾಳಿ, ತೊಟ್ಟಿಲು, ಬಾಗಿಲು, ಎಲ್ಲವೂ ಅವನ ಕೈಯಿಂದಲೇ. ಕುಳ್ಳ ಮನುಷ್ಯ, ಮಾತು ಹೆಚ್ಚು, ತನ್ನ ಕೆಲಸದ ಬಗ್ಗೆ ಜಂಬ ಇನ್ನೂ ಹೆಚ್ಚು. ತಾನು ಕೂಡಿಸಿದ ಕೀಲಿನಲ್ಲಿ ಇರುವೆ ನುಗ್ಗಿದರೆ ಉಳಿ ಕೆಳಗಿಡುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಅವನಿಗೂ ಹೆಂಡತಿ ಬೋರವ್ವನಿಗೂ ಒಬ್ಬಳೇ ಮಗಳು, ಕಾಳವ್ವ. ಎರಡೂವರೆ ವರ್ಷದ್ದು. ತಾಯಿಗಿಂತ ತಂದೆಯ ಹೆಗಲೇ ಅದಕ್ಕೆ ಹೆಚ್ಚು ರೂಢಿ, ಅವನು ಎಲ್ಲಿ ಕೆಲಸಕ್ಕೆ ಹೋದರೂ ಜೊತೆಗೆ ಹೋಗುತ್ತಿತ್ತು.

ಒಂದು ದಿನ ರಬಕವಿಯಲ್ಲಿ ಒಬ್ಬ ಸಾಹುಕಾರನ ಹೊಸ ಮಹಡಿಯಲ್ಲಿ ಮೋನಪ್ಪ ರಂದಾ ಹೊಡೆಯುತ್ತಿದ್ದ. ರಂದಾದ ಬಾಯಿಂದ ಕಟ್ಟಿಗೆಯ ಸುರುಳಿ ಬೀಳುತ್ತದಲ್ಲ, ಕಾಳವ್ವ ಅದನ್ನು ಆರಿಸಿ ಆರಿಸಿ ಕಿಟಕಿಯಿಂದ ಹೊರಗೆ ತೂರುತ್ತಿತ್ತು. ಅದು ಗಾಳಿಯಲ್ಲಿ ಗಿರಗಿರ ತಿರುಗುತ್ತ ಇಳಿಯುವುದನ್ನು ನೋಡಿ ನಗುತ್ತಿತ್ತು. ಕಿಟಕಿಗೆ ಆಗ ಬಾಗಿಲೂ ಇರಲಿಲ್ಲ, ಸರಳೂ ಇರಲಿಲ್ಲ. ಮೋನಪ್ಪ ಬೆನ್ನು ತಿರುಗಿಸಿದ್ದ. ನಗು ನಿಂತದ್ದು ಕೇಳಿ ತಿರುಗಿದನಂತೆ. ಕೂಗಿದ್ದಲ್ಲ, ಅತ್ತದ್ದಲ್ಲ, ನಗು ನಿಂತದ್ದು. ಎರಡು ದಿನ ಜೀವ ಹಿಡಿದಿದ್ದು ಮಗು ಹೋಯಿತು.

ಮುಂದಿನ ಒಂದು ವರ್ಷ ಮೋನಪ್ಪ ಬೇರೆ ಕೆಲಸ ಹಿಡಿಯಲಿಲ್ಲ. ತಾನು ಇಡಿಸಿದ ಕಿಟಕಿ ಎಲ್ಲೆಲ್ಲಿವೆಯೋ ಅಲ್ಲಿಗೆಲ್ಲ ಹೋದ. ಬನಹಟ್ಟಿ, ರಬಕವಿ, ಅತ್ತ ತೇರದಾಳದ ಜೈನರ ಮನೆಗಳು. ಕರೆದರೂ ಹೋದ, ಕರೆಯದಿದ್ದರೂ ಹೋದ. ಚೌಕಟ್ಟನ್ನೇ ಗೋಡೆಯಿಂದ ಕಿತ್ತು ಇಳಿಸುವುದು, ಮೇಲಿನ ಪಟ್ಟಿ ಕೆಳಗಿನ ಪಟ್ಟಿ ಎರಡಕ್ಕೂ ಆರಪಾರ ತೂತು ಕೊರೆಯುವುದು, ಕಬ್ಬಿಣದ ಸರಳು ಪೋಣಿಸುವುದು, ಸರಳಿನ ತುದಿ ಗೋಡೆಯೊಳಗೆ ಹೋಗುವ ಹಾಗೆ ಮತ್ತೆ ಕೂಡಿಸಿ ಗಚ್ಚು ತುಂಬುವುದು. ಗೋಡೆ ಒಡೆಯದೆ ಒಂದು ಸರಳೂ ಅಲುಗದು. ಸರಳು ಸರಳಿನ ನಡುವೆ ಎಷ್ಟು ಜಾಗ ಇರಬೇಕೆಂದು ತಿಳಿಯಲು, ದಾರ ಹಿಡಿದು ಓಣಿಯ ಕೂಸುಗಳ ತಲೆ ಅಳೆಯುತ್ತ ತಿರುಗಿದ. ಕೂಸನ್ನು ಅಳೆಯಬಾರದು ಎಂದು ಮುದುಕಿಯರು ಬೈದು ಅಟ್ಟಿದರು. ಕೊನೆಗೆ ನಾಲ್ಕು ಬೆರಳು ಎಂದು ಗೊತ್ತು ಮಾಡಿದ. ಯಾವ ಕೂಸಿನ ತಲೆಯೂ ಅದರಲ್ಲಿ ತೂರುವುದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಎಂದು ಆಡಿಕೊಂಡವರೂ ಇದ್ದರು. ಆದರೆ ಆಡಿಕೊಂಡವರ ಮನೆಯಲ್ಲೂ ಅವನು ಸರಳು ಹಾಕಿಯೇ ಬಂದ. ಆಮೇಲೆ ನಮ್ಮ ಎರಡೂ ಊರುಗಳಲ್ಲಿ ಮಹಡಿಯಿಂದ ಒಂದು ಮಗುವೂ ಬೀಳಲಿಲ್ಲ. ಇದನ್ನು ಅವನ ಲೆಕ್ಕಕ್ಕೆ ಹಿಡಿಯಲೇಬೇಕು. ಯಾರೂ ಹಿಡಿಯಲಿಲ್ಲ, ಅವನೂ ಹಿಡಿಯಲಿಲ್ಲ.

ನಮ್ಮ ಮನೆಗೆ ಮಹಡಿ ಬಂದದ್ದು ಆಮೇಲೆ, ಅಪ್ಪ ಕಾಶಪ್ಪನ ಮದುವೆಯಾದ ಮೇಲೆ. ಮನೆಯಲ್ಲಿ ಕೂಸಿಲ್ಲವೆಂದು ಅದರ ಕಿಟಕಿಗೆ ಸರಳು ಹಾಕಿಸಿರಲಿಲ್ಲ. ನನ್ನ ಅವ್ವ ಮುತ್ತವ್ವ, ಗಲಗಲಿಯ ಹೊಳೆದಂಡೆಯ ಹುಡುಗಿ. ಅವಳು ಮೊದಲ ಬಸುರಿಯಾದಾಗ ನಮ್ಮ ಆಯಿ ತಾಯವ್ವ, ಎಂದರೆ ಅಪ್ಪನ ತಾಯಿ, ಮೋನಪ್ಪನನ್ನು ಕರೆಸಿದಳು. ಮೊಮ್ಮಗು ತೆವಳುವ ಮೊದಲೇ ಮೇಲಿನ ಕಿಟಕಿಗೆ ಸರಳು ಬೀಳಬೇಕೆಂದಳು. ಎಂದರೆ ಆ ಸರಳು ಬಿದ್ದದ್ದು ನನಗಾಗಿ.

ಅವತ್ತು ಅವ್ವ ಅವನಿಗೆ ರೊಟ್ಟಿ ಬಡಿಸಲು ಮೇಲೆ ಹೋಗಿ, ಕಿಟಕಿಯನ್ನು ಮುಟ್ಟಿ ನೋಡಿ ಒಂದು ಮಾತು ಕೇಳಿದಳಂತೆ. ಹೊಳೆದಂಡೆಯವರಿಗೆ ಮಹಾಪೂರದ ಭಯ ಹುಟ್ಟಿನಿಂದಲೇ ಇರುತ್ತದೆ. ಎಲ್ಲಿ ಹೋದರೂ ಮೊದಲು ಓಡುವ ದಾರಿ ನೋಡಿಕೊಳ್ಳುತ್ತಾರೆ.

“ಕಾಕಾ, ಇದನ್ನ ತೆಗೀಬೇಕಂದ್ರ ಹ್ಯಾಂಗ ತೆಗೀಬೇಕ್ರಿ?”

ಮೋನಪ್ಪ ನಕ್ಕುಬಿಟ್ಟ. “ತೆಗ್ಯಾಕ ಯಾರರೆ ಹಾಕ್ತಾರೇನ ತಂಗೀ? ನಾ ಹಾಕಿದ್ದನ್ನ ನನಗೂ ತೆಗ್ಯಾಕ ಆಗಾಂಗಿಲ್ಲ.”

ಅವ್ವ ಮತ್ತೆ ಕೇಳಲಿಲ್ಲ. ಬಡಿಗೇರನಿಗಿಂತ ತನಗೆ ಹೆಚ್ಚು ಗೊತ್ತೇ ಎಂದು ಸುಮ್ಮನಾಗಿರಬೇಕು. ಹದಿನೇಳು ವರ್ಷದ ಸೊಸೆ, ಇನ್ನೇನು ಮಾಡಿಯಾಳು.

ನಾನು ಹುಟ್ಟಿ ಎಂಟು ತಿಂಗಳಾಗಿತ್ತು. ಶ್ರಾವಣ. ಎಂಟು ದಿನದಿಂದ ಜಿನುಗು ಮಳೆ ಹಿಡಿದಿತ್ತು. ಬೇರೆಯವರಿಗೆ ಮಳೆ ಎಂದರೆ ಬೆಳೆ, ನೇಕಾರರಿಗೆ ಮಳೆ ಎಂದರೆ ಒಣಗದ ನೂಲು. ಗಂಜಿ ಹಾಕಿದ ನೂಲು ಎರಡು ದಿನ ಹಸಿಯಾಗಿ ಉಳಿದರೆ ನಾರುತ್ತದೆ, ಮೂರನೆಯ ದಿನ ಕೊಳೆಯುತ್ತದೆ. ಅದಕ್ಕೇ ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಜೀನೆಯ ಕೆಳಗೆ ಬಿದಿರಿನ ಗಳ ಕಟ್ಟಿ ನೂಲಿನ ಲಡಿ ತೂಗುಬಿಡುತ್ತಿದ್ದರು. ಅದರ ಅಡಿಯಲ್ಲಿ ಕೆಂಡದ ಶೇಗಡಿ. ಅಲ್ಲಿ ಗಾಳಿ ಆಡುವುದಿಲ್ಲ, ಕಾವು ನಿಲ್ಲುತ್ತದೆ, ಬೇಗ ಒಣಗುತ್ತದೆ ಎಂಬುದು ಲೆಕ್ಕ. ಮೇಲೆ ಹೋಗಲು ಇರುವುದು ಒಂದೇ ಜೀನೆ, ಅದೂ ಕಟ್ಟಿಗೆಯದು, ಅದರ ಕೆಳಗೆ ಬೆಂಕಿ ಮತ್ತು ನೂಲು. ತಲೆಮಾರಿನಿಂದ ನಡೆದುಕೊಂಡು ಬಂದದ್ದು ಎಂದ ಮೇಲೆ ಯಾರೂ ಅದರ ಮೇಲೆ ವಿಚಾರ ಮಾಡುವುದಿಲ್ಲ.

ಅಪ್ಪ ಸೀರೆಗಳ ಗಂಟು ಹೊತ್ತು ರಬಕವಿಗೆ ಹೋಗಿದ್ದ. ಮಧ್ಯಾಹ್ನದ ಊಟ ಮುಗಿದಿತ್ತು. ಶೇಗಡಿ ತಾನು ನೋಡಿಕೊಳ್ಳುತ್ತೇನೆ, ನೀನು ಕೂಸನ್ನು ಮಲಗಿಸು ಎಂದು ಆಯಿ ಅವ್ವನನ್ನು ಮೇಲೆ ಕಳಿಸಿದಳು. ಅಷ್ಟರಲ್ಲಿ ಹೊರಗೆ ಬಳೆಗಾರ ಬಂದ. ಆಯಿ ಬಾಗಿಲಿಗೆ ಹೋಗಿ ಸೊಸೆಗೆ ಶ್ರಾವಣದ ಹಸಿರು ಬಳೆ ಆರಿಸುತ್ತ ನಿಂತಳು. ಬಳೆಗೆ ಚೌಕಾಸಿ ಮಾಡುವಷ್ಟು ಹೊತ್ತು, ಅಷ್ಟೇ. ಒಂದು ಲಡಿ ಜಾರಿ ಕೆಂಡದ ಮೇಲೆ ಬಿದ್ದಿರಬೇಕು. ಮೊದಲು ಒಣಗಿದ ಲಡಿಗಳು ಹತ್ತಿದವು, ಆಮೇಲೆ ಜೀನೆ ಹತ್ತಿತು. ಹಸಿ ನೂಲು ಉರಿಯಲಿಲ್ಲ. ಅದು ಹೊಗೆಯಾಯಿತು.

ಆಯಿಯ ಚೀರಾಟ ಕೇಳಿ ಮೋನಪ್ಪ ಓಡಿ ಬಂದ. ನಿಚ್ಚಣಿಕೆ, ಹಾರೆ, ಉಳಿ, ಸುತ್ತಿಗೆ ಎಲ್ಲ ಹಿಡಿದೇ ಬಂದ. ಓಣಿಯ ಗಂಡಸರು ಕೊಡ ಕೊಡ ನೀರು ಸುರಿಯುತ್ತಿದ್ದರು. ಇಬ್ಬರು ಪಕ್ಕದ ಮನೆಯಿಂದ ಹತ್ತಿ ನಮ್ಮ ಮಣ್ಣಿನ ಮಾಳಿಗೆಯನ್ನು ಅಗೆಯತೊಡಗಿದ್ದರು. ಹೊಗೆ ಒಳಗೆ ತುಂಬಿ ಕಿಟಕಿಯಿಂದ ಹೊರಗೆ ಬರುತ್ತಿತ್ತು. ಆ ಹೊಗೆಯ ನಡುವೆ ಅವ್ವ ನನ್ನನ್ನು ಎತ್ತಿಕೊಂಡು ಸರಳು ಹಿಡಿದು ನಿಂತಿದ್ದಳು.

ಮೋನಪ್ಪ ಏರುವ ಮೊದಲೇ ಅವ್ವ ನನ್ನನ್ನು ಹೊರಗೆ ದಾಟಿಸಲು ನೋಡಿದಳು. ಕಾಲು ಬಂತು. ಮೈ ತಿರುಗಿಸಿ ತಿರುಗಿಸಿ ಹೊಟ್ಟೆಯೂ ಬಂತು. ಮೋನಪ್ಪ ಮೇಲಕ್ಕೆ ಬಂದು ನನ್ನ ಎರಡೂ ಕಾಲು ಹಿಡಿದುಕೊಂಡ. ತಲೆ ಬರಲಿಲ್ಲ. ಅದು ಬರದ ಹಾಗೆ ದಾರ ಹಿಡಿದು ಅಳೆದವನು ತಾನೇ, ಎಷ್ಟು ಎಳೆದರೂ ಅದು ಬರುವುದಿಲ್ಲವೆಂದು ಅಲ್ಲಿ ಇದ್ದವರೊಳಗೆ ಅವನೊಬ್ಬನಿಗೇ ಗೊತ್ತಿತ್ತು. ಕೂಸನ್ನು ಒಳಗೆ ತಗೋ ಎಂದು ತನ್ನ ಕೈಯಿಂದಲೇ ನನ್ನನ್ನು ತಿರುಗಿ ಆ ಹೊಗೆಯೊಳಗೆ ನೂಕಿದ.

ಆಮೇಲೆ ಉಳಿ ಹಿಡಿದ. ಜಾಲಿ ಕಟ್ಟಿಗೆ, ಎರಡು ಬೇಸಿಗೆ ಕಂಡು ಕಲ್ಲಾಗಿತ್ತು. ಒಂದು ಸರಳಿನ ಬುಡ ಬಿಡಿಸಬೇಕಾದರೆ ಕೆಳಗಿನ ಪಟ್ಟಿಯನ್ನು ಅಷ್ಟಗಲ ಕಡಿಯಬೇಕು, ಗಚ್ಚು ಒಡೆಯಬೇಕು, ಹಾರೆ ಹಾಕಿ ಮೀಟಬೇಕು. ನಿಚ್ಚಣಿಕೆಯ ಮೇಲೆ ನಿಂತು ಹೊಗೆಯಲ್ಲಿ ಕಣ್ಣು ಮುಚ್ಚಿ ಹೊಡೆಯುತ್ತಿದ್ದ. ಪೆಟ್ಟು ತಪ್ಪಿ ಎಡಗೈಗೆ ಬಿತ್ತು. ಆಗ ಅವ್ವ ಹೇಳಿದ ಮಾತನ್ನು ಅವನು ನನಗೆ ಸಾಯುವತನಕ ಹೇಳುತ್ತಿದ್ದ.

“ಗಡಬಡಿ ಮಾಡಬ್ಯಾಡ್ರಿ ಕಾಕಾ. ಕೈ ಸಂಭಾಳಿಸ್ಕೋರಿ. ನಾ ಇಲ್ಲೇ ನಿಂತೇನಿ.”

ಒಂದು ಸರಳು ಬಂತು. ಆ ಕಿಂಡಿಯಲ್ಲಿ ನಾನು ಹೊರಗೆ ಬಂದೆ. ಕೆಳಗೆ ಕೈಯಿಂದ ಕೈಗೆ ನನ್ನನ್ನು ಇಳಿಸಿದರು. ಮೋನಪ್ಪ ಎರಡನೆಯ ಸರಳಿಗೆ ಕೈ ಹಾಕಿದ. ಅವ್ವ ಸ್ವಲ್ಪ ಹೊತ್ತು ಕೆಮ್ಮಿದಳು, ಆಮೇಲೆ ಕಿಟಕಿಯ ಕೆಳಗೆ ಕೂತಳು. ಅವನಿಗೆ ಅವಳ ಕೈಯೊಂದೇ ಕಾಣುತ್ತಿತ್ತು, ಕೆಳಗಿನ ಪಟ್ಟಿಯ ಮೇಲೆ ಬೆರಳು. ಎರಡನೆಯ ಸರಳು ಕಿತ್ತುಬಂದಾಗ ಆ ಬೆರಳನ್ನು ಮುಟ್ಟಿದ, ಅದು ಹಿಡಿದುಕೊಳ್ಳಲಿಲ್ಲ.

ಬೆಂಕಿ ಮೇಲಿನ ಕೋಣೆಗೆ ಬರಲೇ ಇಲ್ಲ. ಕೌದಿ ಸುಟ್ಟಿರಲಿಲ್ಲ, ತೊಟ್ಟಿಲು ಸುಟ್ಟಿರಲಿಲ್ಲ, ಅವ್ವನ ಸೀರೆಯ ಸೆರಗೂ ಸುಟ್ಟಿರಲಿಲ್ಲ. ಹೊಗೆಯೇ ಅವಳನ್ನು ಕೊಂದಿತು.

ಸಾವಿನ ಮನೆಗೆ ಬಂದವರು ಹಣೆಬರಹ ಎಂದರು. ಹಣೆಬರಹ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಜೀನೆಯ ಕೆಳಗೆ ಶೇಗಡಿ ಇಟ್ಟದ್ದು ಬ್ರಹ್ಮನಲ್ಲ. ಮೋನಪ್ಪನೂ ಹಣೆಬರಹ ಎನ್ನಲಿಲ್ಲ, ಆಯಿಯೂ ಎನ್ನಲಿಲ್ಲ. ಹನ್ನೆರಡನೆಯ ದಿನ ಅವನು ಬಂದು ನಮ್ಮ ಕಟ್ಟೆಯ ಮೇಲೆ ಕೂತು, ಕೊಂದವನು ನಾನು ಎಂದ. ಆಯಿ ಒಳಗಿನಿಂದಲೇ ಜಗಳಕ್ಕೆ ಬಿದ್ದಳು.

“ಶೇಗಡಿ ನಂದು. ಬಳಿ ಆರಿಸ್ಕೋತ ನಿಂತಾಕಿ ನಾನು. ನನ್ನ ಪಾಪ ನೀ ಯಾಕ ಹೊತ್ಕೊತಿ?”

“ಸರಳು ನಂದು” ಎಂದ ಅವನು.

ಆ ಜಗಳ ಆಯಿ ಇರುವವರೆಗೂ ಮುಗಿಯಲಿಲ್ಲ. ಅಪ್ಪ ಮಾತ್ರ ಏನೂ ಹೇಳಲಿಲ್ಲ. ಬೈದಿದ್ದರೆ ಮೋನಪ್ಪನಿಗೆ ಹಗುರಾಗುತ್ತಿತ್ತೋ ಏನೋ. ಅಪ್ಪ ಅವನ ಕಡೆ ನೋಡುವುದನ್ನೇ ಬಿಟ್ಟ. ಮಗ್ಗ ಮುರಿದರೆ ರಬಕವಿಯಿಂದ ಬೇರೆ ಬಡಿಗೇರನನ್ನು ಕರೆಸಿದ. ಓಣಿಯಲ್ಲಿ ಎದುರಾದರೆ ಗೋಡೆ ನೋಡುತ್ತ ದಾಟಿ ಹೋದ. ಇಪ್ಪತ್ತಮೂರು ವರ್ಷ.

ಎರಡು ತಿಂಗಳಿಗೆ ನಾನು ತೆವಳತೊಡಗಿದೆ. ಸುಟ್ಟ ಜೀನೆಯ ಜಾಗಕ್ಕೆ ಹೊಸದು ಬಂದಿತ್ತು, ಎರಡು ಸರಳಿಲ್ಲದ ಕಿಟಕಿ ಮಾತ್ರ ಹಾಗೇ ಬಾಯಿ ತೆರೆದಿತ್ತು. ಆಯಿಗೆ ನನ್ನ ಜೀವದ ಭಯ. ಮತ್ತೆ ಸರಳು ಹಾಕು ಎಂದು ಹೋಗಿ ಮೋನಪ್ಪನನ್ನೇ ಕೇಳಿದಳು. ಅವನು ಹಾಕುವುದಿಲ್ಲ ಎಂದ. ಹಾಗೇ ತೆರೆದು ಬಿಡಲೂ ಕೂಡದು ಎಂದ. ಹಾಗಾದರೆ ಏನು ಮಾಡಬೇಕು ಎಂದು ಕೇಳಿದರೆ ಗೊತ್ತಿಲ್ಲ ಎಂದ. ಆಯಿ ಬೇರೆಯವನಿಂದ ಹಾಕಿಸಿ, ಮೇಲಿನ ಕೋಣೆಗೆ ಬೀಗ ಜಡಿದಳು.

ಆ “ಗೊತ್ತಿಲ್ಲ” ಮೋನಪ್ಪನ ಉಳಿದ ಬಾಳನ್ನು ತಿಂದಿತು. ಕಾಳವ್ವ ಬಿದ್ದ ಕಿಟಕಿಗೆ ಸರಳಿರಲಿಲ್ಲ, ಮುತ್ತವ್ವ ಸತ್ತ ಕಿಟಕಿಗೆ ಸರಳಿತ್ತು. ಕೂಸನ್ನು ಒಳಗೆ ಹಿಡಿಯಬೇಕು, ತಾಯಿಯನ್ನು ಹೊರಗೆ ಬಿಡಬೇಕು, ಒಂದೇ ಕಿಟಕಿ ಎರಡೂ ಮಾಡಬೇಕು. ಚಪ್ಪರದಲ್ಲಿ ಒಂದು ಕಿಟಕಿ ನಿಲ್ಲಿಸಿದ. ಸರಳುಗಳನ್ನು ಗೋಡೆಗೆ ಕೂಡಿಸದೆ, ಬಾಗಿಲಿನ ಹಾಗೆ ಒಂದು ಒಳಚೌಕಟ್ಟಿಗೆ ಪೋಣಿಸಿ, ಹೊರಗೆ ತೆರೆಯುವಂತೆ ಬಿಜಾಗರಿ ಹಚ್ಚಿದ. ಅಷ್ಟು ಯಾರಾದರೂ ಮಾಡಿಯಾರು. ಕಷ್ಟವಿದ್ದದ್ದು ಅಗಳಿಯದು. ಅದನ್ನು ಎಲ್ಲಿ ಇಡಬೇಕು?

ಮೇಲೆ ಇಟ್ಟರೆ ಕೂಸಿಗೆ ನಿಲುಕುವುದಿಲ್ಲ, ಸರಿ. ಮೊದಲು ಹಾಗೇ ಮಾಡಿದ, ಕಿಟಕಿಯ ನೆತ್ತಿಗೆ, ಹೆಂಗಸಿನ ಗಲ್ಲದ ಎತ್ತರಕ್ಕೆ. ಎರಡು ದಿನ ಸಂತೋಷವಾಗಿದ್ದ. ಮೂರನೆಯ ದಿನ ಅದನ್ನು ಕಿತ್ತು ಒಗೆದ. ಹೊಗೆ ಮೇಲಕ್ಕೆ ಹೋಗುತ್ತದೆ, ಮನುಷ್ಯ ಕೆಳಕ್ಕೆ ಕೂರುತ್ತಾನೆ. ಅವ್ವ ಕೂತದ್ದನ್ನು ಅವನು ಕಂಡಿದ್ದ. ಎದ್ದು ನಿಂತು ಅಗಳಿ ಹುಡುಕುವ ಶಕ್ತಿ ಆಗ ಯಾರಿಗಿರುತ್ತದೆ. ಅವಳ ಕೈ ಎಲ್ಲಿತ್ತೋ ಅಗಳಿ ಅಲ್ಲೇ ಇರಬೇಕು, ಕೆಳಗಿನ ಪಟ್ಟಿಯಲ್ಲಿ. ಆದರೆ ತೆವಳುವ ಕೂಸಿನ ಕೈಯೂ ಅಲ್ಲಿಗೇ ಬರುತ್ತದೆ. ಸಾಯುವ ತಾಯಿಯ ಕೈಗೂ ಆಡುವ ಕೂಸಿನ ಕೈಗೂ ನಿಲುಕುವುದು ಒಂದೇ ಜಾಗ. ಅದನ್ನು ತಿಳಿದುಕೊಂಡ ದಿನ ಮೋನಪ್ಪ ಉಣ್ಣಲಿಲ್ಲ ಎಂದು ಬೋರವ್ವ ಹೇಳುತ್ತಿದ್ದಳು.

ಆ ಅಗಳಿಗಳನ್ನು ಪರೀಕ್ಷೆ ಮಾಡಲು ಅವನಿಗೆ ಒಂದು ಮಗು ಬೇಕಿತ್ತು. ನಾನು ಇದ್ದೆ. ಅಪ್ಪ ಮಗ್ಗದ ಕುಣಿಯಲ್ಲಿ ಇಳಿದಾಗ ಆಯಿ ನನ್ನನ್ನು ಕದ್ದು ಅವನ ಚಪ್ಪರಕ್ಕೆ ಕಳಿಸುತ್ತಿದ್ದಳು. ಮೋನಪ್ಪ ಕಿಟಕಿಯ ಆಚೆ ಒಂದು ಬೆಲ್ಲದ ತುಂಡು ಇಡುತ್ತಿದ್ದ. ನಾನು ಈಚೆಯಿಂದ ಅಗಳಿ ತೆಗೆಯಬೇಕು. ಎರಡು ವರ್ಷದವನಿದ್ದಾಗ ಚಿಲಕ ಎತ್ತಿದೆ, ಬೆಲ್ಲ ತಿಂದೆ. ಬೆಣೆ ಕಿತ್ತೆ, ಬೆಲ್ಲ ತಿಂದೆ. ಒತ್ತುವ ಗುಂಡಿ ಮಾಡಿದ, ಅದರ ಮೇಲೆ ಕೂತುಬಿಟ್ಟೆ, ಅದೂ ಬಿಚ್ಚಿತು. ಪ್ರತಿ ಸಲ ನಾನು ಗೆದ್ದಾಗ ಅವನ ಮುಖ ಬಾಡುತ್ತಿತ್ತು, ಆದರೂ ಬೆಲ್ಲ ಕೊಡುತ್ತಿದ್ದ. ಬೋರವ್ವ ನನ್ನನ್ನು ಕಳ್ಳನ ಮಗನೇ ಎಂದು ಬೈದು, ಬಾಯಿ ಒರೆಸಿ, ಮನೆಗೆ ಕಳಿಸುತ್ತಿದ್ದಳು. ಮಗಳನ್ನು ಕಳೆದುಕೊಂಡ ಮನೆಯಲ್ಲಿ ನಾನು ಹಾಗೆ ಬೆಳೆದೆ. ತಾಯಿ ಇಲ್ಲದ ಕೊರತೆ ನನಗೆ ಆಗ ತಿಳಿಯಲಿಲ್ಲ ಎಂದರೆ ಅದಕ್ಕೆ ಆ ಚಪ್ಪರವೇ ಕಾರಣ.

ನನಗೆ ಮೂರು ತುಂಬುವ ಹೊತ್ತಿಗೆ ಒಂದು ಅಗಳಿ ನನ್ನನ್ನು ಸೋಲಿಸಿತು. ಕೆಳಗಿನ ಪಟ್ಟಿಯಲ್ಲಿ ಒಂದು ಗೇಣು ಅಂತರದಲ್ಲಿ ಎರಡು ಕಟ್ಟಿಗೆಯ ಗೂಟ. ನಡುವೆ ಬಿದಿರಿನ ಬಾಗಿದ ಪಟ್ಟಿ ಅವನ್ನು ಬಿಗಿಯಾಗಿ ದೂರ ತಳ್ಳಿ ಹಿಡಿದಿತ್ತು. ಹೆಬ್ಬೆರಳು ಒಂದಕ್ಕೆ, ಕಿರುಬೆರಳು ಇನ್ನೊಂದಕ್ಕೆ ಹಚ್ಚಿ ಮುಷ್ಟಿ ಬಿಗಿದರೆ ಎರಡೂ ಒಳಗೆ ಸರಿದು, ಸರಳಿನ ಚೌಕಟ್ಟು ಹೊರಗೆ ತೆರೆದುಕೊಳ್ಳುತ್ತದೆ. ಒಂದೇ ಕೈ ಸಾಕು, ಕಣ್ಣು ಬೇಡ, ನಿಲ್ಲುವುದೂ ಬೇಡ. ಇನ್ನೊಂದು ಕೈಯಲ್ಲಿ ಕೂಸಿರಬಹುದು. ಕೂಸಿನ ಗೇಣು ಅಷ್ಟು ದೂರ ಹೋಗುವುದಿಲ್ಲ, ಎರಡೂ ಕೈ ಹಾಕಿದರೂ ಬಿದಿರನ್ನು ಬಗ್ಗಿಸುವ ಬಲವಿಲ್ಲ. ನಾನು ಬೆಲ್ಲಕ್ಕಾಗಿ ಅತ್ತೆ. ನಾನು ಅಳುವುದನ್ನು ನೋಡಿ ಅವನೂ ಅತ್ತನಂತೆ, ಸಂತೋಷಕ್ಕೋ ದುಃಖಕ್ಕೋ ಬೋರವ್ವನಿಗೂ ತಿಳಿಯಲಿಲ್ಲ.

ಆದರೆ ಆ ಕಿಟಕಿ ಯಾರಿಗೂ ಬೇಡವಾಯಿತು. ಮೋನಪ್ಪ ಮೊದಲಿನ ಹಾಗೇ ಮನೆ ಮನೆ ತಿರುಗಿದ. ತೇರದಾಳದ ನೂಲಿನ ವ್ಯಾಪಾರಿ ಅಣ್ಣಾಸಾಹೇಬರು ಎಲ್ಲವನ್ನೂ ಸಮಾಧಾನದಿಂದ ನೋಡಿದರು. ಒಳ್ಳೆಯ ಮನುಷ್ಯ, ಇರುವೆಗೂ ದಾರಿ ಬಿಟ್ಟು ನಡೆಯುವವರು. ಕೊನೆಗೆ ಒಂದೇ ಮಾತು ಕೇಳಿದರು, ಕಳ್ಳನಿಗೆ ಗೇಣು ಇರುವುದಿಲ್ಲವೇ ಎಂದು.

“ಕಳ್ಳ ಒಯ್ದ ನೂಲು ಮತ್ತ ತರಬಹುದ್ರಿ” ಎಂದ ಮೋನಪ್ಪ. ತನ್ನ ಸಾಮಾನು ಕಟ್ಟಿಕೊಂಡು ಎದ್ದು ಬಂದ.

ಎಲ್ಲ ಕಡೆ ಇದೇ ಆಯಿತು. ಕೂಸು ಬೀಳುವ ಭಯ ಎಲ್ಲರಿಗಿತ್ತು, ಕಳ್ಳನ ಭಯ ಎಲ್ಲರಿಗಿತ್ತು. ಬೆಂಕಿಯ ಭಯ ನಮ್ಮ ಮನೆಗೊಂದೇ ಇತ್ತು, ಆ ಮನೆಯ ಹೊಸ್ತಿಲು ದಾಟಲು ಅವನಿಗೆ ಮುಖವಿರಲಿಲ್ಲ. ತನ್ನ ಸರಳುಗಳನ್ನು ತಾನೇ ತೆಗೆದುಹಾಕುತ್ತೇನೆ ಎಂದರೂ ಜನ ಒಪ್ಪಲಿಲ್ಲ. ಅವು ಬಲು ಗಟ್ಟಿಯಾಗಿವೆ ಎಂದು ಹೊಗಳಿದರು. ಹೊಗಳಿಕೆ ಕೇಳಿ ಮನೆಗೆ ಬಂದು ಮಲಗುತ್ತಿದ್ದ. ಆಮೇಲೆ ಜಂಬದ ಮಾತು ಅವನ ಬಾಯಲ್ಲಿ ಯಾರೂ ಕೇಳಲಿಲ್ಲ. ಚಪ್ಪರದ ಕಿಟಕಿಗೆ ಗರಗಸ ತೂಗುಹಾಕತೊಡಗಿದ. ಬೋರವ್ವ ತೀರಿಕೊಂಡಳು, ನಮ್ಮ ಆಯಿಯೂ ತೀರಿಕೊಂಡಳು. ಅವನು ಲಾಳಿ ಮಾಡಿಕೊಂಡು ಉಳಿದ.

ನನಗೆ ಇಪ್ಪತ್ತೆರಡಕ್ಕೆ ಶೇವಂತಿಯೊಡನೆ ಮದುವೆಯಾಯಿತು. ಮೇಲಿನ ಕೋಣೆಯ ಬೀಗ ತೆಗೆದರು. ಮಗಳು ಹುಟ್ಟಿ ತೆವಳತೊಡಗಿದ ಮೇಲೆ, ಅದು ಸಂಸ್ಥಾನಗಳು ಇನ್ನೇನು ಹೋಗುತ್ತವೆ ಎನ್ನುವ ವರ್ಷ, ಓಣಿಯ ಹೆಂಗಸರು ಶೇವಂತಿಗೆ ಹಳೆಯದೆಲ್ಲ ಹೇಳಿದರು. ಅವತ್ತೇ ಅವಳು ಕೌದಿ ಸುತ್ತಿ ಎತ್ತಿಕೊಂಡು ಕೆಳಗಿಳಿದಳು. ಮಾತು ಕಡಿಮೆ ಅವಳದು, ಆಡಿದರೆ ಮುಗಿಯಿತು.

“ಆ ಖಿಡಕಿ ಹಂಗ ಇರೂತನಕಾ ನಾನು ನನ್ನ ಮಗಳು ಮ್ಯಾಲ ಮಲಗಾಂಗಿಲ್ಲ.”

ನಾನು ಮೋನಪ್ಪನ ಬಳಿ ಹೋದೆ. ಅಪ್ಪನನ್ನು ಕೇಳದೆಯೇ ಹೋದೆ. ಅವನಿಗೆ ಆಗ ಅರವತ್ತರ ಹತ್ತಿರ. ನಾನು ಹೇಳಿದ್ದನ್ನು ಕೇಳಿ ಗರಗಸಗಳನ್ನು ಒಂದೊಂದಾಗಿ ಕಿಟಕಿಯಿಂದ ತೆಗೆದು ಕೆಳಗಿಟ್ಟ. ಆಮೇಲೆ ಒಂದು ಹಲಗೆ ಕೊಟ್ಟು, ಅದರ ಮೇಲೆ ಶೇವಂತಿಯ ಬಲಗೈ ಅಗಲಿಸಿ ಇಡಿಸಿ ಇದ್ದಿಲಿನಿಂದ ಗುರುತು ಮಾಡಿಕೊಂಡು ಬಾ ಎಂದ. ಮನೆಗೆ ತಕ್ಕ ಕಿಟಕಿಯಲ್ಲ, ಕೈಗೆ ತಕ್ಕ ಕಿಟಕಿ ಬೇಕಂತೆ. ಶೇವಂತಿಯ ಕೈ ಚಿಕ್ಕದು. ಗೂಟಗಳನ್ನು ಎರಡು ಬೆರಳು ಹತ್ತಿರ ತಂದ, ಆಮೇಲೆ ನನ್ನ ಮಗಳನ್ನು ಮೂರು ದಿನ ಚಪ್ಪರದಲ್ಲಿ ಕೂರಿಸಿಕೊಂಡು ನೋಡಿದ. ಅದು ಗೂಟ ಚೀಪಿತೇ ಹೊರತು ಬಿಚ್ಚಲಿಲ್ಲ.

ಕೂಡಿಸುವ ದಿನ ಅವನು ನಮ್ಮ ಮನೆಗೆ ಬಂದಾಗ ಅಪ್ಪ ಮಗ್ಗದ ಮೇಲಿದ್ದ. ಲಾಳಿಯ ಸಪ್ಪಳ ನಿಂತಿತು. ಅಪ್ಪ ತಿರುಗಿ ನೋಡಲಿಲ್ಲ. ಮೋನಪ್ಪ ಗೋಡೆ ಒಡೆದು, ಬೇರೆಯವರು ಹಾಕಿದ ಎರಡು ಮತ್ತು ತಾನು ಹಾಕಿದ ಉಳಿದ ಸರಳುಗಳನ್ನು ಕಿತ್ತು, ಸ್ವಲ್ಪ ಹೊತ್ತು ನೋಡಿ, ಹೊರಗೆ ಒಗೆದ. ಸಂಜೆಗೆ ಹೊಸ ಕಿಟಕಿ ಕೂತಿತು. ಆದರೆ ಅವನು ಮನೆಗೆ ಹೋಗಲಿಲ್ಲ. ಒಂದು ಸಲ ತೆರೆದು ನೋಡದೆ ಹೋಗುವುದಿಲ್ಲ ಎಂದ. ಹೊರಗಿನಿಂದ ನಿಚ್ಚಣಿಕೆ ಹಚ್ಚಿ ತಾನೇ ಏರಿದ. ನಾನು ಏರುತ್ತೇನೆಂದರೆ ಕೇಳಲಿಲ್ಲ. ಓಣಿಯ ಜನ ನೆರೆದರು. ಯಾವಾಗ ಎದ್ದು ಬಂದನೋ ಅಪ್ಪ ನಿಚ್ಚಣಿಕೆಯ ಬುಡ ಹಿಡಿದು ನಿಂತಿದ್ದ.

ಮೋನಪ್ಪ ಹೇಳಿದ ಹಾಗೆ ಶೇವಂತಿ ಒಳಗೆ ನೆಲದ ಮೇಲೆ ಕೂತಳು. ಸೆರಗಿನಿಂದ ಕಣ್ಣು ಕಟ್ಟಿಕೊಂಡಳು. ಎಡಗೈಯಲ್ಲಿ ಮಗಳು. ಬಲಗೈ ಪಟ್ಟಿಯ ಮೇಲೆ ಹರಿದಾಡಿ ಗೂಟ ಹುಡುಕಿತು. ಕಟ್ಟಿಗೆಯ ಸಣ್ಣ ಸಪ್ಪಳ, ಸರಳುಗಳೆಲ್ಲ ಒಟ್ಟಿಗೆ ಹೊರಗೆ ತೆರೆದುಕೊಂಡವು. ಒಂದು ಉಸಿರಿನಷ್ಟು ಹೊತ್ತು ಹಿಡಿದಿರಬಹುದು, ಅದಕ್ಕಿಂತ ಹೆಚ್ಚಿಲ್ಲ. ಮೋನಪ್ಪ ಕೈ ಚಾಚಿದ, ಅವಳು ಮಗಳನ್ನು ಕೊಟ್ಟಳು, ಅವನು ಬಗ್ಗಿ ನನಗೆ ಕೊಟ್ಟ. ಜನ ನಕ್ಕರು, ಯಾರೋ ಭೇಷ್ ಎಂದರು. ಪರೀಕ್ಷೆ ಮುಗಿಯಿತು ಎಂದುಕೊಂಡು ಶೇವಂತಿ ಕಣ್ಣಿನ ಸೆರಗು ಬಿಚ್ಚಿ ಕಿಟಕಿ ಮುಚ್ಚಲು ಹೋದಳು.

ಮೋನಪ್ಪ ಇಳಿಯಲಿಲ್ಲ. ಅವನ ಎರಡೂ ಕೈ ಹಾಗೇ ಚಾಚಿಕೊಂಡಿದ್ದವು.

“ನೀನೂ ಬಾ ತಂಗೀ” ಎಂದ.

ಶೇವಂತಿಗೆ ಅರ್ಥವಾಗಲಿಲ್ಲ. ತಾನು ಜೀನೆ ಇಳಿದು ಬರುತ್ತೇನೆ ಎಂದಳು. ಓಣಿಯ ತುಂಬ ಗಂಡಸರು, ಸೊಸೆಯಾದವಳು ಸೀರೆ ಉಟ್ಟು ಅವರೆದುರು ನಿಚ್ಚಣಿಕೆ ಇಳಿಯುವುದೆಂದರೇನು. ಅವನು ತಲೆ ಅಲ್ಲಾಡಿಸಿದ.

“ನೀ ಬರೂತನಕಾ ನಾ ಇಳ್ಯಾಂಗಿಲ್ಲ.”

ಶೇವಂತಿ ನನ್ನ ಕಡೆ ನೋಡಿದಳು, ಆಮೇಲೆ ಅಪ್ಪನ ಕಡೆ ನೋಡಿದಳು. ಅಪ್ಪ ನಿಚ್ಚಣಿಕೆ ಹಿಡಿದವನು ತಲೆ ಮೇಲೆತ್ತಿ, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಆ ಹೆಸರು ಹೇಳಿದ.

“ಇಳಿ ಯವ್ವಾ. ಮೋನಪ್ಪ ಹಿಡೀತಾನ.”

ಅವಳು ಸೀರೆ ಸಿಕ್ಕಿಸಿಕೊಂಡು ಕಿಟಕಿ ದಾಟಿದಳು. ಮೋನಪ್ಪ ಒಂದು ಕೈಯಲ್ಲಿ ನಿಚ್ಚಣಿಕೆ, ಇನ್ನೊಂದರಲ್ಲಿ ಅವಳ ಮುಂಗೈ ಹಿಡಿದು, ತಾನು ಒಂದೊಂದೇ ಮೆಟ್ಟಿಲು ಹಿಂದಿಳಿಯುತ್ತ, ಅವಳನ್ನು ಇಳಿಸಿಕೊಂಡು ಬಂದ. ಅವಳ ಕಾಲು ನೆಲ ಮುಟ್ಟಿದ ಮೇಲೂ ಕೈ ಬಿಡಲಿಲ್ಲ. ಅಲ್ಲೇ ನಿಚ್ಚಣಿಕೆಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಅವಳ ಅಂಗೈಯಲ್ಲಿ ಮುಖ ಇಟ್ಟು ದೊಡ್ಡ ದನಿಯಲ್ಲಿ ಅತ್ತ. ಶೇವಂತಿ ಕೈ ಎಳೆದುಕೊಳ್ಳಲಿಲ್ಲ. ಅಪ್ಪ ನಿಚ್ಚಣಿಕೆ ಬಿಟ್ಟು ಅವನ ಪಕ್ಕದಲ್ಲಿ ಕೂತ. ನಾನು ಮಗಳನ್ನು ಎತ್ತಿಕೊಂಡು ನಿಂತಿದ್ದೆ. ನನ್ನ ಅವ್ವನ ಮುಖ ನನಗೆ ಗೊತ್ತಿಲ್ಲ. ಅವಳಿಗಾಗಿ ನಾನು ಮೊದಲ ಸಲ ಅತ್ತದ್ದು ಅವತ್ತು.